ಸತ್ತವನಿಗೆ ಮತ್ತೆ ಚಾಕು: ‘ಗಾಸ್‌ಫರ್ಡ್ ಪಾರ್ಕ್’ ಕೊಲೆ ಪ್ರಕರಣ

ಮೊದಲೇ ಹೇಳಿಬಿಡುತ್ತೇನೆ, ಕೊಂದವರು ಯಾರು ಅನ್ನೋದು ಈ ಬರಹದಲ್ಲಿ ಬಯಲಾಗುತ್ತದೆ. 2001ರಲ್ಲಿ ಬಂದ ಸಿನಿಮಾ. ಇನ್ನೂ ನೋಡಿಲ್ಲ, ಗುಟ್ಟು ಉಳಿಯಲಿ ಅನ್ನುವವರು ನೋಡಿಕೊಂಡು ಬನ್ನಿ. ಆದರೆ ಗುಟ್ಟು ಗೊತ್ತಾದ್ರೆ ಈ ಸಿನಿಮಾ ಕೆಡುವುದಿಲ್ಲ. ಗೊತ್ತಿದ್ದು ನೋಡಿದಾಗಲೇ ಜಾಸ್ತಿ ಕಾಣಿಸುತ್ತದೆ. ಯಾಕೆ ಅಂತ ಹೇಳೋದೇ ಈ ಬರಹದ ಕೆಲಸ.

ನಡೆದದ್ದು ಏನು

1932ರ ನವೆಂಬರ್. ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಒಂದು ಭಾರೀ ಬಂಗಲೆ, ಹೆಸರು ಗಾಸ್‌ಫರ್ಡ್ ಪಾರ್ಕ್. ಯಜಮಾನ ಸರ್ ವಿಲಿಯಂ ಮೆಕಾರ್ಡಲ್, ಕಾರ್ಖಾನೆಗಳಲ್ಲಿ ದುಡ್ಡು ಮಾಡಿದವನು. ಹೆಂಡತಿ ಲೇಡಿ ಸಿಲ್ವಿಯಾ ಹುಟ್ಟಿನಿಂದಲೇ ದೊಡ್ಡ ಮನೆತನದವಳು. ಅವಳ ಕಡೆಯವರಿಗೆ ಹೆಸರಿದೆ, ದುಡ್ಡಿಲ್ಲ. ಇವನ ಹತ್ತಿರ ದುಡ್ಡಿದೆ, ಹಳೇ ಹೆಸರಿಲ್ಲ. ವಾರಾಂತ್ಯದ ಹಕ್ಕಿ ಬೇಟೆಗೆ ಅಂತ ನೆಂಟರೆಲ್ಲ ಸೇರುತ್ತಾರೆ. ಅವರ ಜೊತೆ ಅವರವರ ಆಳುಗಳು. ಇಬ್ಬರು ಸಿನಿಮಾದವರೂ ಬಂದಿದ್ದಾರೆ. ಒಬ್ಬ ಐವರ್ ನೊವೆಲ್ಲೊ, ನಿಜವಾಗಿಯೂ ಆ ಕಾಲದಲ್ಲಿ ಇದ್ದ ನಟ, ಹಾಡುಗಾರ. ಇನ್ನೊಬ್ಬ ಮಾರಿಸ್ ವೈಸ್‌ಮನ್ ಅನ್ನೋ ಹಾಲಿವುಡ್ ನಿರ್ಮಾಪಕ. ಇವನು ಕಥೆಗಾಗಿ ಹುಟ್ಟಿಸಿದ ಪಾತ್ರ.

ಬೆಳಗ್ಗೆ ಬೇಟೆಯಲ್ಲಿ ಯಾರದೋ ಗುಂಡು ತೀರಾ ಕೆಳಗೆ ಹಾರಿ ಸರ್ ವಿಲಿಯಂನ ಕಿವಿ ಸವರಿಕೊಂಡು ಹೋಗುತ್ತದೆ. ರಾತ್ರಿ ಊಟದ ಮೇಜಿನಲ್ಲಿ ಸಿಲ್ವಿಯಾ ಎಲ್ಲರ ಮುಂದೆ ಗಂಡನನ್ನು ಹೀಯಾಳಿಸತೊಡಗುತ್ತಾಳೆ. ಆಗ ಬಡಿಸುತ್ತಿದ್ದ ಎಲ್ಸಿ ಅನ್ನೋ ಕೆಲಸದವಳು ತಡೆಯಲಾರದೆ ಬಾಯಿ ಬಿಡುತ್ತಾಳೆ. ಅದು ಸರಿಯಲ್ಲ ಅಂತ ಯಜಮಾನನ ಪರ ಮಾತಾಡುತ್ತಾಳೆ, ಅದೂ ಅವನನ್ನು ‘ಬಿಲ್’ ಅಂತ ಕರೆದು. ಇಬ್ಬರ ಸಂಬಂಧ ಮೇಜಿನ ಮೇಲೆ ಬಿದ್ದ ಹಾಗಾಯಿತು. ಯಾರೂ ಚಮಚ ಅಲ್ಲಾಡಿಸುವುದಿಲ್ಲ. ಎಲ್ಸಿ ಹೊರಗೆ ನಡೆಯುತ್ತಾಳೆ. ಸರ್ ವಿಲಿಯಂ ಸಿಟ್ಟಿನಿಂದ ಎದ್ದು ಲೈಬ್ರರಿಗೆ ಹೋಗಿ ಕೂರುತ್ತಾನೆ.

ಹೌಸ್‌ಕೀಪರ್ ಮಿಸೆಸ್ ವಿಲ್ಸನ್ ಅವನಿಗೆ ಕಾಫಿ ತರುತ್ತಾಳೆ. ಅವನಿಗೆ ಕಾಫಿ ಬೇಡ, ವಿಸ್ಕಿ ಬೇಕು. ಅವಳು ವಿಸ್ಕಿ ಕೊಡುತ್ತಾಳೆ. ಹೋಗುತ್ತಾಳೆ.

ಅತ್ತ ಹಾಲ್‌ನಲ್ಲಿ ನೊವೆಲ್ಲೊ ಪಿಯಾನೊ ಮುಂದೆ ಕೂತು ಹಾಡುತ್ತಿದ್ದಾನೆ. ಕೆಲವರು ಮೆಲ್ಲಗೆ ಎದ್ದು ಹೋಗುತ್ತಾರೆ. ಲೈಬ್ರರಿಗೆ ಯಾರೋ ಬರುತ್ತಾರೆ, ನಮಗೆ ಮುಖ ಕಾಣುವುದಿಲ್ಲ. ಕುರ್ಚಿಯಲ್ಲಿದ್ದವನಿಗೆ ಚಾಕು ಬೀಳುತ್ತದೆ. ಸ್ವಲ್ಪ ಹೊತ್ತಿಗೆ ನಾದಿನಿ ಲೇಡಿ ಲೂಯಿಸಾ ಭಾವನನ್ನು ಕರೆಯೋಕೆ ಹೋಗಿ ಕಿರುಚುತ್ತಾಳೆ.

ಪೊಲೀಸರು ಬರುತ್ತಾರೆ, ಹೋಗುತ್ತಾರೆ. ಯಾರನ್ನೂ ಹಿಡಿಯುವುದಿಲ್ಲ. ಕೊನೆಗೂ ಹಿಡಿಯುವುದಿಲ್ಲ. ಕೊಲೆ ಆಗೋದು ಸಿನಿಮಾ ಶುರುವಾಗಿ ಒಂದು ಗಂಟೆ ದಾಟಿದ ಮೇಲೆ, ಒಟ್ಟು ಉದ್ದ 137 ನಿಮಿಷ. ಅಂದ್ರೆ ಅರ್ಧ ಸಿನಿಮಾ ಹೆಣವಿಲ್ಲದೆ ನಡೆಯುತ್ತದೆ. ಆ ಅರ್ಧದಲ್ಲೇ ಉತ್ತರ ಇರೋದು. ಸುಮ್ನೆ ಮಾತುಕತೆ ಅಂದುಕೊಂಡು ನಾವದನ್ನು ಬಿಟ್ಟುಬಿಟ್ಟಿರುತ್ತೇವೆ.

ಮೇಲಿನವರ ಲೆಕ್ಕ

ಸಂಶಯ ಪಡೋಕೆ ಜನ ಬೇಕಾ? ಮಹಡಿ ತುಂಬ ಇದ್ದಾರೆ. ಕಮಾಂಡರ್ ಆಂಟನಿ ಮೆರಿಡಿತ್ ಒಂದು ವ್ಯವಹಾರಕ್ಕೆ ಸರ್ ವಿಲಿಯಂನ ಬಂಡವಾಳ ನಂಬಿಕೊಂಡಿದ್ದ. ಯಜಮಾನ ಈಗ ಕೈ ಎತ್ತುತ್ತಿದ್ದಾನೆ, ಎತ್ತಿದರೆ ಮೆರಿಡಿತ್ ಮುಳುಗುತ್ತಾನೆ. ಸಿಲ್ವಿಯಾಳ ಚಿಕ್ಕಮ್ಮ ಕಾನ್‌ಸ್ಟನ್ಸ್ ಬದುಕುತ್ತಿರುವುದೇ ಇವನು ಕೊಡೋ ಖರ್ಚಿನ ಹಣದಲ್ಲಿ, ಅದೂ ನಿಂತುಹೋಗುವ ಮಾತಿದೆ. ಫ್ರೆಡ್ಡಿ ನೆಸ್ಬಿಟ್‌ಗೆ ಕೆಲಸ ಬೇಕು. ಅದಕ್ಕಾಗಿ ಯಜಮಾನನ ಮಗಳು ಇಸೊಬೆಲ್‌ಳ ಗುಟ್ಟು ಇಟ್ಟುಕೊಂಡು ಅವಳನ್ನು ಪೀಡಿಸುತ್ತಿದ್ದಾನೆ. ಸಿಲ್ವಿಯಾಗಂತೂ ಗಂಡ ಅಂದರೆ ಬೇಸರ ಬಿಟ್ಟರೆ ಬೇರೇನೂ ಇಲ್ಲ. ಅವನನ್ನು ಯಾರು ಮದುವೆಯಾಗಬೇಕು ಅಂತ ಅವಳೂ ತಂಗಿ ಲೂಯಿಸಾಳೂ ಇಸ್ಪೀಟ್ ಎಲೆ ಎತ್ತಿ ತೀರ್ಮಾನ ಮಾಡಿದ್ದರಂತೆ!

ಪತ್ತೇದಾರಿ ಕಥೆ ಓದಿ ಬೆಳೆದವರಿಗೆ ಇಷ್ಟು ಸಾಕು. ಕೂತಲ್ಲೇ ಲೆಕ್ಕ ಹಾಕತೊಡಗುತ್ತೇವೆ: ಯಾರಿಗೆ ಎಷ್ಟು ನಷ್ಟ, ಯಾರಿಗೆ ಎಷ್ಟು ಲಾಭ, ಹಾಡಿನ ಹೊತ್ತಲ್ಲಿ ಯಾರು ಎಲ್ಲಿದ್ದರು. ಬೇಟೆಯ ಗುಂಡು ಬೇಕಂತಲೇ ಹೊಡೆದದ್ದಾ? ಸಿನಿಮಾ ಇದಕ್ಕೆಲ್ಲ ಧಾರಾಳವಾಗಿ ಮೇವು ಹಾಕುತ್ತದೆ. ಕ್ಯಾಮೆರಾ ಆಗಾಗ ವಿಷದ ಬಾಟಲಿಗಳ ಮೇಲೆ ನಿಲ್ಲುತ್ತದೆ, ಅವು ಮನೆಯಲ್ಲಿ ಅಲ್ಲಲ್ಲಿ ಇವೆ. ಬೆಳ್ಳಿ ಸಾಮಾನಿನಲ್ಲಿ ಮಾಂಸ ಕತ್ತರಿಸುವ ಒಂದು ಚಾಕು ಕಾಣೆಯಾಗಿದೆ ಅನ್ನೋ ಮಾತೂ ಬರುತ್ತದೆ.

ಊಟದ ಮೇಜಿನಲ್ಲೇ ಇದನ್ನು ಗೇಲಿ ಮಾಡುವ ಒಂದು ಪ್ರಸಂಗವಿದೆ. ವೈಸ್‌ಮನ್ ತಾನು ತೆಗೆಯಲಿರುವ ಸಿನಿಮಾದ ಬಗ್ಗೆ ಹೇಳುತ್ತಾನೆ. ಇಂಥದೇ ಬಂಗಲೆ, ಇಂಥದೇ ಬೇಟೆ ಕೂಟ, ರಾತ್ರಿ ಕೊಲೆ, ಎಲ್ಲರ ಮೇಲೂ ಸಂಶಯ. ಕೊಂದವರು ಯಾರು ಅಂತ ಕೇಳಿದಾಗ, ಹೇಳಿದರೆ ನಿಮಗೆ ಸಿನಿಮಾ ಕೆಟ್ಟುಹೋಗುತ್ತದೆ ಅನ್ನುತ್ತಾನೆ. ಅದಕ್ಕೆ ಕಾನ್‌ಸ್ಟನ್ಸ್, ನಮ್ಮಲ್ಲಿ ಯಾರೂ ಅದನ್ನು ನೋಡುವುದಿಲ್ಲ ಬಿಡಿ ಅಂತಾಳೆ. ಕಾನ್‌ಸ್ಟನ್ಸ್ ಪಾತ್ರ ಮಾಡಿದ ಮ್ಯಾಗಿ ಸ್ಮಿತ್ ಅದನ್ನು ಹೇಳುವ ರೀತಿಯಲ್ಲಿ ಬೈದ ಸದ್ದೇ ಇಲ್ಲ, ಅದಕ್ಕೇ ಜಾಸ್ತಿ ತಾಗುತ್ತದೆ.

ಮೇಲಿನವರ ಕಾರಣಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ. ಹೆಚ್ಚುಕಡಿಮೆ ಎಲ್ಲವೂ ದುಡ್ಡಿನದು. ಮತ್ತೆ ಅವರಲ್ಲಿ ಹೆಚ್ಚಿನವರಿಗೆ ಸರ್ ವಿಲಿಯಂ ಬದುಕಿದ್ದು ಕೊಡುತ್ತಿದ್ದರೇ ಅನುಕೂಲ. ಹೊಟ್ಟೆಪಾಡಿಗೆ ಅವನನ್ನೇ ನಂಬಿಕೊಂಡವರು ಅವನನ್ನು ಕೊಲ್ಲೋದು ಅಷ್ಟು ಸುಲಭವಲ್ಲ.

ಇನ್‌ಸ್ಪೆಕ್ಟರ್ ಏನು ಮಾಡಿದ

ಇನ್‌ಸ್ಪೆಕ್ಟರ್ ಥಾಂಪ್ಸನ್ ಪಾತ್ರದಲ್ಲಿ ಸ್ಟೀಫನ್ ಫ್ರೈ. ಪೈಪ್ ಕಚ್ಚಿಕೊಂಡು ಬರುತ್ತಾನೆ. ತನ್ನ ಹೆಸರು ಹೇಳೋಕೆ ಹೋದಾಗಲೆಲ್ಲ ಯಾರಾದರೂ ಅಡ್ಡ ಬಾಯಿ ಹಾಕುತ್ತಾರೆ. ಅವನ ಜೊತೆ ಕಾನ್‌ಸ್ಟೇಬಲ್ ಡೆಕ್ಸ್ಟರ್ ಇದ್ದಾನೆ. ಕಣ್ಣಿರುವವನು ಅವನೇ. ಚಾಕು ಹಾಕಿದ ಜಾಗದಲ್ಲಿ ರಕ್ತ ತೀರಾ ಕಮ್ಮಿ ಅಂತ ಗಮನಿಸುವುದು ಅವನು. ಬದುಕಿರುವ ಮನುಷ್ಯನಿಗೆ ಹಾಗೆ ಚಾಕು ಬಿದ್ದರೆ ರಕ್ತ ಹರಿಯಬೇಕು. ಹೃದಯ ನಿಂತ ಮೇಲೆ ರಕ್ತ ಒತ್ತಡದಲ್ಲಿ ಹೊರಗೆ ಬರುವುದಿಲ್ಲ. ಅಂದ್ರೆ ಚಾಕು ಬೀಳುವ ಹೊತ್ತಿಗೆ ಸರ್ ವಿಲಿಯಂ ಸತ್ತಾಗಿತ್ತು. ವಿಷ ಮೊದಲು, ಚಾಕು ಆಮೇಲೆ.

ಇಡೀ ಪ್ರಕರಣದ ಬೀಗದಕೈ ಇದು. ಥಾಂಪ್ಸನ್ ಅದನ್ನು ಕೈಯಲ್ಲಿ ಹಿಡಿದೂ ಹಿಡಿಯುವುದಿಲ್ಲ. ಆದರೆ ಅವನ ದೊಡ್ಡ ತಪ್ಪು ಬೇರೆ. ಮನೆಯ ಆಳುಗಳನ್ನು ವಿಚಾರಿಸುವ ಪ್ರಶ್ನೆ ಬಂದಾಗ, ಸತ್ತವನ ಜೊತೆ ನಿಜವಾದ ಸಂಬಂಧ ಇದ್ದವರಲ್ಲಿ ಮಾತ್ರ ತನಗೆ ಆಸಕ್ತಿ ಅನ್ನುತ್ತಾನೆ. ಆ ಮಾತು ಕೇಳಿಸಿಕೊಳ್ಳುತ್ತಿರುವ ಮನೆಯಲ್ಲಿ ಸತ್ತವನ ಮಗನಿದ್ದಾನೆ, ಮಗನ ತಾಯಿ ಇದ್ದಾಳೆ, ಸತ್ತುಹೋದ ಇನ್ನೊಂದು ಮಗುವಿನ ತಾಯಿ ಇದ್ದಾಳೆ. ಎಲ್ಲರೂ ಆಳುಗಳೇ.

ಥಾಂಪ್ಸನ್ ಪಾತ್ರ ನನಗೆ ಕೊಂಚ ಅತಿಯಾಯಿತು ಅನಿಸುತ್ತದೆ. ಉಳಿದವರೆಲ್ಲ ಸಣ್ಣ ದನಿಯಲ್ಲಿ ಮಾತಾಡುವಾಗ ಇವನೊಬ್ಬ ಬೇರೆ ನಾಟಕದಿಂದ ಎದ್ದು ಬಂದವನ ಹಾಗೆ ಕಾಣುತ್ತಾನೆ. ಅವನನ್ನು ಇಷ್ಟು ಪೆದ್ದ ಮಾಡಬೇಕಿರಲಿಲ್ಲ. ಜಾಣ ಇನ್‌ಸ್ಪೆಕ್ಟರ್ ಆಗಿದ್ದರೂ ಆ ಕಾಲದಲ್ಲಿ ಕೆಳಗೆ ಇಳಿದು ಕೇಳುತ್ತಿದ್ದದ್ದು ಅನುಮಾನ. ಹಾಗಿದ್ದರೆ ಏಟು ಇನ್ನೂ ಜೋರಾಗಿ ಬೀಳುತ್ತಿತ್ತು, ಅಲ್ವಾ?

ಕೆಳಗಿನವರ ಲೆಕ್ಕ

ಈಗ ಮೆಟ್ಟಿಲಿಳಿದು ಅಡುಗೆಮನೆ ಕಡೆ ಬನ್ನಿ. ಇಲ್ಲಿಯ ಪದ್ಧತಿ ವಿಚಿತ್ರ. ಅತಿಥಿಗಳ ಜೊತೆ ಬಂದ ಆಳುಗಳಿಗೆ ಇಲ್ಲಿ ಅವರ ಸ್ವಂತ ಹೆಸರಿಲ್ಲ. ಯಾರ ಆಳೋ ಅವರ ಹೆಸರೇ ಇವರಿಗೂ. ಲೇಡಿ ಕಾನ್‌ಸ್ಟನ್ಸ್ ಟ್ರೆಂಥಮ್ ಜೊತೆ ಬಂದ ಮೇರಿ ಇಲ್ಲಿ ಮಿಸ್ ಟ್ರೆಂಥಮ್. ಲಾರ್ಡ್ ಸ್ಟಾಕ್‌ಬ್ರಿಜ್‌ನ ಬಟ್ಟೆಬರೆ ನೋಡಿಕೊಳ್ಳುವ ರಾಬರ್ಟ್ ಪಾರ್ಕ್ಸ್ ಇಲ್ಲಿ ಮಿಸ್ಟರ್ ಸ್ಟಾಕ್‌ಬ್ರಿಜ್. ಊಟಕ್ಕೆ ಕೂರುವುದೂ ಯಜಮಾನರ ದರ್ಜೆಯ ಪ್ರಕಾರವೇ. ತಮಾಷೆ ಅನಿಸುವ ಈ ಪದ್ಧತಿಯೇ ಪಾರ್ಕ್ಸ್ ಅನ್ನೋ ಹೆಸರನ್ನು ನಮ್ಮ ಕಿವಿಯಿಂದ ಮರೆಮಾಡಿಬಿಡುತ್ತದೆ. ಆದರೆ ಆ ಹೆಸರು ಕೇಳಿಸಿಕೊಂಡವಳು ಒಬ್ಬಳಿದ್ದಾಳೆ.

ಕೆಳಗಿನ ಮೇಜಿನಲ್ಲಿ ಒಂದು ಸಲ ಮಾತು ಬರುತ್ತದೆ: ನಿಮ್ಮಲ್ಲಿ ಎಷ್ಟು ಜನರ ಅಪ್ಪ ಅಮ್ಮ ಕೂಡ ಇದೇ ಮನೆಗೆಲಸದಲ್ಲಿದ್ದರು? ಕೇಳಿದವನು ಹೆನ್ರಿ ಡೆಂಟನ್. ಆಳಿನ ವೇಷದಲ್ಲಿ ಬಂದ ಹಾಲಿವುಡ್ ನಟ ಅವನು, ಪಾತ್ರಕ್ಕೆ ತಯಾರಿ ನಡೆಸುತ್ತಿದ್ದಾನೆ. ಆ ಮಾತಿನ ನಡುವೆ ಪಾರ್ಕ್ಸ್ ತಾನು ಅನಾಥಾಲಯದಲ್ಲಿ ಬೆಳೆದವನು ಅಂತ ಹೇಳುತ್ತಾನೆ. ದನಿಯಲ್ಲಿ ಏರಿಳಿತವಿಲ್ಲ. ಮಾತು ಮುಂದೆ ಹೋಗಿಬಿಡುತ್ತದೆ. ಅವನ ಹಾಸಿಗೆ ಪಕ್ಕದಲ್ಲಿ ತಾಯಿಯ ಫೋಟೊ ಇದೆ. ಅದೂ ಒಂದು ಕ್ಷಣ ಕಂಡು ಮರೆಯಾಗುತ್ತದೆ.

ಹೆಸರು, ಅನಾಥಾಲಯ, ಫೋಟೊ, ಕಾಣೆಯಾದ ಚಾಕು. ನಾಲ್ಕೂ ನಮ್ಮ ಮುಂದೆಯೇ ಬಂದುಹೋಗುತ್ತವೆ. ಇಂಥ ಸಿನಿಮಾಗಳಲ್ಲಿ ಸುಳಿವನ್ನು ಬೀರುವಿನೊಳಗೋ ಉಯಿಲಿನ ಕೊನೇ ಪುಟದಲ್ಲೋ ಬಚ್ಚಿಡುತ್ತಾರೆ. ಇಲ್ಲಿ ಬಚ್ಚಿಟ್ಟೇ ಇಲ್ಲ. ನಾವು ನೋಡದ ಜನರ ಕೈಗೆ ಕೊಟ್ಟಿದ್ದಾರೆ, ಅಷ್ಟೇ. ಟ್ರೇ ಹಿಡಿದು ಬಂದವಳು ಟ್ರೇ ಇಟ್ಟು ಹೋಗುತ್ತಾಳೆ, ನಮ್ಮ ಕಣ್ಣು ಯಜಮಾನನ ಮೇಲೇ ಇರುತ್ತದೆ. ವಿಸ್ಕಿಯ ದೃಶ್ಯ ಕಣ್ಣೆದುರೇ ನಡೆಯಿತು. ಅದು ಕೊಲೆಯ ದೃಶ್ಯ ಅಂತ ಹೊಳೆಯಲಿಲ್ಲ. ಹಾಗೆ ನೋಡಿದರೆ ಥಾಂಪ್ಸನ್‌ನನ್ನು ನೋಡಿ ನಗುವ ಹಕ್ಕು ನಮಗೂ ಇಲ್ಲ.

ಉತ್ತರ ಹುಡುಕುವವಳು ಮೇರಿ. ಸ್ಕಾಟ್ಲೆಂಡಿನ ಹುಡುಗಿ, ಈ ಕೆಲಸಕ್ಕೆ ಹೊಸಬಳು, ಪತ್ತೇದಾರಿಕೆಯ ಗಂಧವೇ ಇಲ್ಲ. ಅವಳಿಗಿರುವ ಅನುಕೂಲ ಒಂದೇ: ಎಲ್ಲ ಕೋಣೆಗೂ ಹೋಗಬಹುದು, ಯಾರೂ ಅವಳ ಮುಂದೆ ಮಾತು ನಿಲ್ಲಿಸುವುದಿಲ್ಲ. ಸರ್ ವಿಲಿಯಂನ ಕಾರ್ಖಾನೆಗಳ ಕಥೆ ಅವಳಿಗೆ ತುಂಡುತುಂಡಾಗಿ ಸಿಗುತ್ತದೆ. ಅಲ್ಲಿ ಕೆಲಸಕ್ಕಿದ್ದ ಹೆಣ್ಣುಮಕ್ಕಳನ್ನು ಅವನು ಬಳಸಿಕೊಳ್ಳುತ್ತಿದ್ದ. ಬಸಿರಾದರೆ ಎರಡೇ ದಾರಿ. ಮಗುವನ್ನು ಬಿಟ್ಟುಕೊಡು, ಒಳ್ಳೇ ಮನೆಗೆ ದತ್ತು ಕೊಡಿಸುತ್ತೇನೆ. ಇಲ್ಲಾ ಮಗು ಇಟ್ಟುಕೊಂಡು ಕೆಲಸ ಬಿಡು. ಒಳ್ಳೇ ಮನೆ ಅಂದದ್ದು ಸುಳ್ಳು. ಮಕ್ಕಳು ಹೋಗುತ್ತಿದ್ದದ್ದು ಅನಾಥಾಲಯಕ್ಕೆ.

ಪಾರ್ಕ್ಸ್ ಅಂಥ ಒಂದು ಮಗು. ಅಪ್ಪ ಯಾರು ಅಂತ ಪತ್ತೆ ಹಚ್ಚಿದ್ದಾನೆ. ಆ ಮನೆಯ ಒಳಗೆ ಕಾಲಿಡೋಕೆ ಅಂತಲೇ ಸ್ಟಾಕ್‌ಬ್ರಿಜ್ ಬಳಿ ಕೆಲಸಕ್ಕೆ ಸೇರಿದ್ದಾನೆ. ಸ್ಟಾಕ್‌ಬ್ರಿಜ್‌ನ ಹೆಂಡತಿ ಲೂಯಿಸಾ ಅಂದರೆ ಸಿಲ್ವಿಯಾಳ ತಂಗಿ, ಒಂದಲ್ಲ ಒಂದು ದಿನ ಇಲ್ಲಿಗೆ ಬರಲೇಬೇಕು. ಚಾಕು ಹಾಕಿದವನು ಅವನೇ. ವಿಷದ ವಿಚಾರ ಅವನಿಗೆ ಗೊತ್ತಿರಲಿಲ್ಲ. ಇರಿಯುವಾಗ ಅದು ಹೆಣ ಅಂತ ಅವನಿಗೆ ತಿಳಿಯಲಿಲ್ಲ.

ಹಾಗಾದ್ರೆ ವಿಷ? ಹೊರಡುವ ದಿನ ಕಾನ್‌ಸ್ಟನ್ಸ್ ಮತ್ತು ಸಿಲ್ವಿಯಾ ಹರಟೆ ಹೊಡೆಯುತ್ತಾ, ಹೌಸ್‌ಕೀಪರ್ ಮಿಸೆಸ್ ವಿಲ್ಸನ್‌ಗೂ ಅಡುಗೆಯ ಮಿಸೆಸ್ ಕ್ರಾಫ್ಟ್‌ಗೂ ಯಾಕೆ ಅಷ್ಟು ದ್ವೇಷ ಅನ್ನೋ ಮಾತು ಎತ್ತುತ್ತಾರೆ. ಇಬ್ಬರೂ ಹಿಂದೆ ಸರ್ ವಿಲಿಯಂನ ಕಾರ್ಖಾನೆಯಲ್ಲಿದ್ದವರು. ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುವ ಮೇರಿಗೆ ಕೊಂಡಿ ಸಿಕ್ಕಿಬಿಡುತ್ತದೆ. ಮೇಲಿನ ಇಬ್ಬರು ಹೆಂಗಸರು ಕೊಲೆಯ ಉತ್ತರವನ್ನು ತಮ್ಮ ಬಾಯಿಂದಲೇ ಹೇಳಿದ್ದಾರೆ. ಅವರಿಗೆ ಅದು ಉತ್ತರ ಅಂತ ಗೊತ್ತಿಲ್ಲ, ತಿಳಿದುಕೊಳ್ಳುವ ಆಸೆಯೂ ಇಲ್ಲ.

ಮೇರಿ ನೇರ ವಿಲ್ಸನ್ ಹತ್ತಿರ ಹೋಗುತ್ತಾಳೆ. ವಿಲ್ಸನ್ ಪಾತ್ರ ಮಾಡಿದ ಹೆಲೆನ್ ಮಿರೆನ್ ಅಲ್ಲಿವರೆಗೆ ಇಡೀ ಸಿನಿಮಾದಲ್ಲಿ ಒಂದು ಗೆರೆಯನ್ನೂ ಸಡಿಲಿಸಿರುವುದಿಲ್ಲ. ಬೆನ್ನು ನೆಟ್ಟಗೆ, ಕೂದಲು ಬಿಗಿ, ಮಾತು ಎಷ್ಟು ಬೇಕೋ ಅಷ್ಟು. ಇಲ್ಲೂ ಮೊದಲು ಅದೇ ದನಿಯಲ್ಲಿ ಮಾತಾಡುತ್ತಾಳೆ. ಯಜಮಾನರಿಗೆ ಹಸಿವಾಗುತ್ತದೆ ಅಂತ ಅವರಿಗಿಂತ ಮೊದಲೇ ತನಗೆ ಗೊತ್ತಿರುತ್ತದೆ, ಮುಂದೇನಾಗುತ್ತದೆ ಅಂತ ಮೊದಲೇ ತಿಳಿಯುವುದೇ ಒಳ್ಳೇ ಆಳಿನ ಗುಣ ಅಂತ ವಿವರಿಸುತ್ತಾಳೆ. ಅದೇ ಉಸಿರಿನಲ್ಲಿ ಕೊಲೆ ಒಪ್ಪಿಕೊಂಡಾಗಿರುತ್ತದೆ. ಪಾರ್ಕ್ಸ್ ಅವಳ ಮಗ. ಅವನು ಏನು ಮಾಡೋಕೆ ಬಂದಿದ್ದಾನೆ ಅಂತ ಅವಳಿಗೆ ಗೊತ್ತಾಯಿತು. ಅವನಿಗಿಂತ ಮೊದಲೇ ಆ ಕೆಲಸ ಮುಗಿಸಿದಳು. ಮಗನ ಕೈಯಿಂದ ಕೊಲೆ ಆಗಬಾರದು ಅಂದರೆ ಇದ್ದದ್ದು ಒಂದೇ ಉಪಾಯ: ಅವನು ಬರುವ ಹೊತ್ತಿಗೆ ಕೊಲ್ಲೋಕೆ ಜೀವವೇ ಇರಬಾರದು.

1932ರ ಇಂಗ್ಲೆಂಡಿನಲ್ಲಿ ಕೊಲೆಗೆ ಶಿಕ್ಷೆ ನೇಣು. ಅಲ್ಲಿ ಕೊಲೆಗೆ ಗಲ್ಲು ನಿಂತದ್ದು 1965ರಲ್ಲಿ. ಅಂದ್ರೆ ವಿಲ್ಸನ್ ಕೊಟ್ಟ ವಿಷ ಪಾರ್ಕ್ಸ್‌ನನ್ನು ನೇಣಿನಿಂದ ತಪ್ಪಿಸಿ ಅವಳ ಕೊರಳಿಗೆ ಹಗ್ಗ ಹಾಕಬಹುದಿತ್ತು. ಅವಳಿಗೆ ಇದರ ಚಿಂತೆಯೇ ಇಲ್ಲ. ತನಗೆ ಬದುಕು ಅಂತ ಒಂದಿಲ್ಲವಲ್ಲ, ಅದಕ್ಕೇ ತಾನು ಸರಿಯಾದ ಆಳು ಅನ್ನುತ್ತಾಳೆ.

ಕ್ರಾಫ್ಟ್ ಅವಳ ಸ್ವಂತ ಅಕ್ಕತಂಗಿ ಅನ್ನೋದೂ ಇಲ್ಲೇ ತಿಳಿಯುವುದು. ಒಬ್ಬಳು ಮಗು ಬಿಟ್ಟುಕೊಟ್ಟಳು. ಇನ್ನೊಬ್ಬಳು ಇಟ್ಟುಕೊಂಡು ಕೆಲಸ ಕಳೆದುಕೊಂಡಳು, ಆ ಮಗು ಉಳಿಯಲಿಲ್ಲ. ವರ್ಷಗಟ್ಟಲೆ ಒಂದೇ ಸೂರಿನ ಕೆಳಗೆ ದ್ವೇಷ ಇಟ್ಟುಕೊಂಡಿದ್ದರು. ಆಮೇಲೆ ವಿಲ್ಸನ್ ಒಬ್ಬಳೇ ಕೋಣೆಯಲ್ಲಿ ಕುಸಿದು ಅಳುವಾಗ ಬಂದು ತಬ್ಬಿಕೊಳ್ಳುವವಳು ಕ್ರಾಫ್ಟ್.

ಕ್ಯಾಮೆರಾದ ಕಟ್ಟಲೆ

ನಿರ್ದೇಶಕ ರಾಬರ್ಟ್ ಆಲ್ಟ್‌ಮನ್ ಆಗ 75 ದಾಟಿದವರು. ವಯಸ್ಸಿನ ಕಾರಣ ವಿಮೆಗೆ ಬೇಕು ಅಂತ ಇನ್ನೊಬ್ಬ ನಿರ್ದೇಶಕ ಸ್ಟೀಫನ್ ಫ್ರಿಯರ್ಸ್ ಅವರನ್ನು ಬದಲಿಗೆ ಸಿದ್ಧ ಇಟ್ಟುಕೊಂಡಿದ್ದರು. ಮೂಲ ಯೋಚನೆಯಲ್ಲಿ ಬಾಬ್ ಬಲಬನ್ ಅವರದೂ ಪಾಲಿದೆ. ವೈಸ್‌ಮನ್ ಪಾತ್ರ ಮಾಡಿದವರೂ ಅವರೇ. ಚಿತ್ರಕಥೆ ಜೂಲಿಯನ್ ಫೆಲೋಸ್ ಅವರದು. ಏಳು ಆಸ್ಕರ್ ನಾಮನಿರ್ದೇಶನದಲ್ಲಿ ಗೆದ್ದದ್ದು ಚಿತ್ರಕಥೆಯೊಂದೇ.

ಸಿನಿಮಾಕ್ಕೆ ಒಂದು ಕಟ್ಟಲೆ ಹಾಕಿಕೊಂಡಿದ್ದರು: ಆಳು ಇಲ್ಲದ ಕಡೆ ಕ್ಯಾಮೆರಾ ಇಲ್ಲ. ಮೇಲಿನವರ ಬದುಕು ನಮಗೆ ಕಾಣುವುದು ಒಬ್ಬ ಆಳು ಆ ಕೋಣೆಯಲ್ಲಿ ಇದ್ದರೆ ಅಥವಾ ಒಳಗೆ ಬಂದರೆ. ಹಾಗಾಗಿ ಎಷ್ಟೋ ಜಗಳಗಳು ಅರ್ಧದಿಂದ ಕೇಳಿಸುತ್ತವೆ, ಅರ್ಧಕ್ಕೇ ನಿಲ್ಲುತ್ತವೆ. ಮೊದಲ ಸಲ ನೋಡುವಾಗ ಗೊಂದಲವಾಗುತ್ತದೆ. ಯಾರು ಯಾರಿಗೆ ಏನಾಗಬೇಕು ಅಂತ ತಲೆ ಕೆಡುತ್ತದೆ. ಚಹಾ ತಂದ ಹುಡುಗಿಗೂ ಅಷ್ಟೇ ಕೇಳಿಸಿರುತ್ತದೆ ಅಂತ ಹೊಳೆದ ಮೇಲೆ ಗೊಂದಲದ ಬೆಲೆ ಗೊತ್ತಾಗುತ್ತದೆ.

ಎರಡು ಕ್ಯಾಮೆರಾ ಒಟ್ಟಿಗೆ ಓಡುತ್ತಿದ್ದವು, ಎರಡೂ ನಿಧಾನವಾಗಿ ಸರಿಯುತ್ತಾ. ನಟರಿಗೆಲ್ಲ ಬೇರೆಬೇರೆ ಮೈಕ್. ತಾನೀಗ ಫ್ರೇಮಿನ ನಡುವೆ ಇದ್ದೇನಾ ಮೂಲೆಯಲ್ಲಾ ಅಂತ ನಟರಿಗೇ ಖಾತ್ರಿ ಇರುತ್ತಿರಲಿಲ್ಲ. ಹಾಗಾಗಿ ಹಿಂದೆ ನಿಂತವರೂ ಪೂರ್ತಿ ನಟಿಸುತ್ತಿದ್ದರು. ವಿಲ್ಸನ್ ಎಷ್ಟೋ ದೃಶ್ಯಗಳಲ್ಲಿ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿರುತ್ತಾಳೆ. ಮನೆಗೆಲಸದ ಸೂಕ್ಷ್ಮ ಹೇಳಿಕೊಡೋಕೆ ಆ ಕಾಲದಲ್ಲಿ ನಿಜವಾಗಿ ಇಂಥ ಮನೆಗಳಲ್ಲಿ ದುಡಿದವರನ್ನೇ ಕರೆಸಿದ್ದರು, ಅವರಲ್ಲಿ ಬಟ್ಲರ್ ಆಗಿದ್ದ ಆರ್ಥರ್ ಇಂಚ್ ಒಬ್ಬರು. ಬಂಗಲೆಯ ಹೊರನೋಟ ರೋಥಮ್ ಪಾರ್ಕ್‌ನದು. ಕೆಳಗಿನ ಅಡುಗೆಮನೆ, ಓಣಿಗಳನ್ನು ಶೆಪ್ಪರ್ಟನ್ ಸ್ಟುಡಿಯೊದಲ್ಲಿ ಕಟ್ಟಿದರು.

ಹಾಡಿನ ದೃಶ್ಯವನ್ನೇ ತಗೊಳ್ಳಿ. ಮೇಲಿನ ಹಾಲ್‌ನಲ್ಲಿ ನೊವೆಲ್ಲೊ ಹಾಡುವಾಗ ದೊಡ್ಡವರು ಇಸ್ಪೀಟ್ ಆಡುತ್ತಾ, ಆಕಳಿಸುತ್ತಾ ಕೂತಿರುತ್ತಾರೆ. ಕಾನ್‌ಸ್ಟನ್ಸ್‌ಗೆ ಹಾಡು ಯಾವಾಗ ಮುಗಿಯುತ್ತೋ ಅನ್ನೋ ಹಾಗಿದೆ. ಬಾಗಿಲ ಸಂದಿಯಲ್ಲಿ, ಮೆಟ್ಟಿಲ ಕತ್ತಲಲ್ಲಿ ಆಳುಗಳು ಉಸಿರು ಹಿಡಿದು ನಿಂತಿದ್ದಾರೆ. ಅವರಿಗೆ ಅವನು ಪರದೆಯ ಮೇಲೆ ನೋಡಿದ ಸ್ಟಾರ್. ಅದೇ ಹೊತ್ತಲ್ಲಿ ಚಾಕು ಬೀಳುತ್ತದೆ. ಮೇಲಿನವರ ಗಮನ ಹಾಡಿನ ಮೇಲೂ ಇಲ್ಲ, ಯಜಮಾನನ ಮೇಲೂ ಇಲ್ಲ. ಕೆಳಗಿನವರ ಗಮನ ಪೂರ್ತಿ ಹಾಡಿನ ಮೇಲಿದೆ. ಪಾರ್ಕ್ಸ್‌ಗೆ ಇದಕ್ಕಿಂತ ಒಳ್ಳೇ ಹೊತ್ತು ಸಿಗುತ್ತಿರಲಿಲ್ಲ.

ಸಡಿಲ ಗಂಟುಗಳು

ಪ್ರಕರಣ ಅಂದ ಮೇಲೆ ತೂತುಗಳನ್ನೂ ನೋಡಬೇಕು. ಪಾರ್ಕ್ಸ್ ಆ ರಾತ್ರಿಯೇ ಇರಿಯುತ್ತಾನೆ ಅಂತ ವಿಲ್ಸನ್‌ಗೆ ಹೇಗೆ ಗೊತ್ತಾಯಿತು? ಚಾಕು ಕಾಣೆಯಾದದ್ದು ಗೊತ್ತು, ಹುಡುಗ ಯಾರು ಅಂತ ಗೊತ್ತು, ಆದರೆ ಹೊತ್ತು? ಆಳಿನ ಮುನ್ನೋಟ ಅನ್ನೋ ಅವಳ ವಿವರಣೆ ಪಾತ್ರಕ್ಕೆ ಸರಿಹೊಂದುತ್ತದೆ, ಪೊಲೀಸ್ ಕಡತಕ್ಕೆ ಸಾಲದು. ಊಟದ ಜಗಳವಾಗಿ ಯಜಮಾನ ಒಬ್ಬನೇ ಲೈಬ್ರರಿಗೆ ಹೋದದ್ದು ಇಬ್ಬರಿಗೂ ಒದಗಿಬಂದ ಅವಕಾಶ. ಅದನ್ನು ಒದಗಿಸಿದವಳು ಅವನ ಪರ ಮಾತಾಡಿದ ಎಲ್ಸಿ. ಅವಳು ಬಾಯಿ ಮುಚ್ಚಿಕೊಂಡಿದ್ದರೆ ಆ ರಾತ್ರಿ ಅವನು ಹಾಲ್‌ನಲ್ಲಿ ಎಲ್ಲರ ನಡುವೆ ಕೂತಿರುತ್ತಿದ್ದ. ಸಿನಿಮಾ ಇದನ್ನು ಯಾರ ಬಾಯಿಂದಲೂ ಹೇಳಿಸುವುದಿಲ್ಲ.

ಡೆಂಟನ್‌ನ ಉಪಕಥೆ ನನಗೆ ಸ್ವಲ್ಪ ಉದ್ದವಾಯಿತು ಅನಿಸಿತು. ಆದರೂ ಅವನ ಗುಟ್ಟು ಬಯಲಾದ ಮೇಲೆ ಕೆಳಗಿನವರು ಅವನನ್ನು ಕ್ಷಮಿಸದೇ ಇರೋದು ಸರಿಯಾಗಿದೆ. ಅವರ ಬದುಕನ್ನು ಅವನು ಎರಡು ದಿನದ ಅಭ್ಯಾಸಕ್ಕೆ ಬಳಸಿಕೊಂಡ.

ಇನ್ನು ಮೇರಿಯ ತೀರ್ಮಾನ. ಅವಳಿಗೆ ಎಲ್ಲ ಗೊತ್ತಾಯಿತು, ಪೊಲೀಸರಿಗೆ ಹೇಳಲಿಲ್ಲ. ಪಾರ್ಕ್ಸ್‌ಗೆ ಅವನ ತಾಯಿ ಅದೇ ಮನೆಯಲ್ಲಿ ಬದುಕಿದ್ದಾಳೆ ಅಂತಲೂ ಹೇಳಲಿಲ್ಲ. ಮೊದಲನೆಯದು ನನಗೆ ಒಪ್ಪಿಗೆ. ಕೋರ್ಟಿನಲ್ಲಿ ತಾನು ಆಡಿದ ಮಾತಿಗೆ ಒಬ್ಬರು ನೇಣಿಗೇರಿದರೆ ಹೇಗಿರುತ್ತದೆ ಅಂತ ಕಾನ್‌ಸ್ಟನ್ಸ್ ಸುಮ್ನೆ ಅಂದಾಗ, ಅದರಿಂದ ಯಾರಿಗೆ ಏನು ಉಪಯೋಗ ಅಂತ ಮೇರಿ ಕೇಳುತ್ತಾಳೆ. ಅದು ಅವಳ ಉತ್ತರವೇ. ಎರಡನೆಯದು ನನಗೆ ಇನ್ನೂ ಕಷ್ಟ. ಹೇಳಿದರೆ ಅವನಿಗೆ ತಾಯಿ ಸಿಗುತ್ತಾಳೆ, ಜೊತೆಗೆ ಅವಳು ತನಗಾಗಿ ಕೊಂದಳು ಅನ್ನೋ ಭಾರವೂ ಸಿಗುತ್ತದೆ. ವಿಲ್ಸನ್ ಮಗನನ್ನು ಉಳಿಸಿಕೊಂಡದ್ದು ಅವನು ತನ್ನವನಾಗಲಿ ಅಂತಲ್ಲ, ಬದುಕಿರಲಿ ಅಂತ. ಅವಳ ಲೆಕ್ಕ ಅಲ್ಲಿಗೆ ಮುಗಿದಿದೆ. ಆದರೆ ಪಾರ್ಕ್ಸ್‌ನ ಲೆಕ್ಕವನ್ನು ಅವನ ಪರವಾಗಿ ಇಬ್ಬರು ಹೆಂಗಸರು ತೀರ್ಮಾನಿಸಿದ್ದು ಸರಿಯಾ ಅನ್ನೋದರಲ್ಲಿ ನನಗೆ ಅನುಮಾನ ಉಳಿದಿದೆ.

ಎರಡನೇ ಸಲ ನೋಡುವವರಿಗೆ ಒಂದು ಮಾತು: ಯಾವ ದೃಶ್ಯದಲ್ಲೇ ಆಗಲಿ, ಮಾತಾಡುತ್ತಿರುವವರನ್ನು ಬಿಟ್ಟು ಹಿಂದೆ ನಿಂತವರನ್ನು ನೋಡಿ. ವಿಲ್ಸನ್ ಮೊದಲ ಸಲ ಪಾರ್ಕ್ಸ್ ಅನ್ನೋ ಹೆಸರು ಕೇಳುವಾಗ ಮಿರೆನ್ ಮುಖ ಗಮನಿಸಿ, ಆಮೇಲೆ ವಿಸ್ಕಿ ಕೊಡುವ ಕೈ ಗಮನಿಸಿ. ಎರಡೂ ಮೊದಲ ಸಲವೂ ಅಲ್ಲೇ ಇದ್ದವು.